ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದ ಅಪ್ಪ ಅಮ್ಮನಿಗೆ ಮೆಡಿಕೇರ್ ಮಾಡಿಸುವುದು ಹೇಗೆ

65 ತುಂಬಿದರೆ ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆ, ತಾನಾಗಿಯೇ ಬರುತ್ತದೆ ಎಂದುಕೊಂಡಿರುವವರು ಬಹಳ ಜನ. ಇಲ್ಲೇ ದುಡಿದು, ಆಗಲೇ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯುತ್ತಿರುವವರ ಮಟ್ಟಿಗೆ ಅದು ನಿಜ. ಅವರಿಗೆ ಕಾರ್ಡ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಕ್ಕಳ ಸ್ಪಾನ್ಸರ್‌ಶಿಪ್ ಮೇಲೆ ಬಂದ ಹಿರಿಯರ ವಿಷಯ ಬೇರೆ. ಅವರಿಗೆ ಯಾರೂ ಪತ್ರ ಕಳಿಸುವುದಿಲ್ಲ, ನೆನಪಿಸುವುದೂ ಇಲ್ಲ. ದಿನಾಂಕ ಲೆಕ್ಕ ಹಾಕಿ ತಾವೇ ಹೋಗಿ ಕೇಳಬೇಕು. ತಡ ಮಾಡಿದರೆ ಬೀಳುವ ದಂಡ ಒಂದು ಸಲಕ್ಕೆ ಮುಗಿಯುವುದಿಲ್ಲ, ಪಾರ್ಟ್ ಬಿ (ಡಾಕ್ಟರ್ ಖರ್ಚು ನೋಡಿಕೊಳ್ಳುವ ಭಾಗ) ಇರುವಷ್ಟು ಕಾಲ ತಿಂಗಳು ತಿಂಗಳೂ ಕಟ್ಟುತ್ತಿರಬೇಕು. ಇಲ್ಲಿ ಕೊಟ್ಟಿರುವ ಡಾಲರ್ ಅಂಕಿಗಳು 2026ರವು. ಇವು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ.

ಮೊದಲು ಎರಡು ಪ್ರಶ್ನೆ

ಒಂದು, ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಅಮೆರಿಕದ ದುಡಿಮೆಯ 40 ಕ್ರೆಡಿಟ್ ಇದೆಯೇ? ಎರಡು, ಗ್ರೀನ್ ಕಾರ್ಡ್ ಇದ್ದು ಇಲ್ಲಿ ಸತತ 5 ವರ್ಷ ವಾಸವಾಗಿದ್ದಾರೆಯೇ? ಉಳಿದ ಲೆಕ್ಕವೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ವರ್ಷಕ್ಕೆ ಹೆಚ್ಚೆಂದರೆ 4 ಕ್ರೆಡಿಟ್ ಸಿಗುತ್ತದೆ, ಹಾಗಾಗಿ 40ಕ್ಕೆ ಸುಮಾರು 10 ವರ್ಷದ ದುಡಿಮೆ ಬೇಕು. 2026ರಲ್ಲಿ ಒಂದು ಕ್ರೆಡಿಟ್‌ಗೆ 1,890 ಡಾಲರ್ ಗಳಿಕೆ ಸಾಕು. ಅಂದರೆ ವರ್ಷಕ್ಕೆ 7,560 ಡಾಲರ್ ದುಡಿದರೆ ನಾಲ್ಕೂ ಬಂದವು. ಅಂಗಡಿಯಲ್ಲೋ ಡೇ ಕೇರ್‌ನಲ್ಲೋ ಅರ್ಧ ದಿನದ ಕೆಲಸ ಮಾಡಿದರೂ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಮುರಿದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಕೈಗೆ ನಗದು ಕೊಟ್ಟ ಕೆಲಸವನ್ನು ತೆರಿಗೆಯಲ್ಲಿ ತೋರಿಸದಿದ್ದರೆ ಬರುವುದಿಲ್ಲ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಮಗ ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದಾನೆ, ಅದು ಅಪ್ಪ ಅಮ್ಮನಿಗೆ ಸಲ್ಲುತ್ತದೆ ಎಂಬುದು ಮೊದಲನೆಯದು. ಸಲ್ಲುವುದಿಲ್ಲ. ಗಂಡ ಹೆಂಡತಿಯ ನಡುವೆ ಕ್ರೆಡಿಟ್ ಉಪಯೋಗಕ್ಕೆ ಬರುತ್ತದೆ, ಮಕ್ಕಳದ್ದು ಬರುವುದಿಲ್ಲ. ಭಾರತದಲ್ಲಿ ಮೂವತ್ತು ವರ್ಷ ಪಿಎಫ್ ಕಟ್ಟಿದ್ದೇವಲ್ಲ ಎಂಬುದು ಎರಡನೆಯದು. ಆ ವರ್ಷಗಳು ಮೆಡಿಕೇರ್ ಲೆಕ್ಕಕ್ಕೆ ಸೇರುವುದಿಲ್ಲ. ಮೂರನೆಯದು, ಮೊಮ್ಮಗುವನ್ನು ನೋಡಿಕೊಂಡಿದ್ದಕ್ಕೆ ಅಮ್ಮನಿಗೆ ಸಂಬಳ ಎಂದು ಬರೆದುಕೊಟ್ಟರೆ ಕ್ರೆಡಿಟ್ ಹುಟ್ಟುತ್ತದೆ ಎಂಬುದು. ಮಕ್ಕಳ ಮನೆಯಲ್ಲಿ ತಂದೆ ತಾಯಿ ಮಾಡುವ ಮನೆಗೆಲಸಕ್ಕೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ತೆರಿಗೆಯೇ ಅನ್ವಯವಾಗುವುದಿಲ್ಲ. ತೆರಿಗೆ ಇಲ್ಲದ ಮೇಲೆ ಕ್ರೆಡಿಟ್ ಎಲ್ಲಿಂದ ಬರಬೇಕು?

ಇನ್ನು 5 ವರ್ಷದ ಮಾತು. ಗ್ರೀನ್ ಕಾರ್ಡಿನ ಮುಂಭಾಗದಲ್ಲಿ ‘ರೆಸಿಡೆಂಟ್ ಸಿನ್ಸ್’ ಎಂಬ ಸಾಲಿನ ಎದುರು ಒಂದು ತಾರೀಕು ಇರುತ್ತದೆ. ಮಕ್ಕಳ ಮೂಲಕ ನೇರವಾಗಿ ಬಂದವರು ಅಲ್ಲಿಂದಲೇ ಎಣಿಸಿ. ಕಾರ್ಡಿನ ಅವಧಿ ಮುಗಿಯುವ ತಾರೀಕನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವಾಸ ಸತತವಾಗಿರಬೇಕು ಎಂದರೆ ಊರಿಗೆ ಹೋಗಲೇಬಾರದು ಎಂದಲ್ಲ. ಮದುವೆ, ಗೃಹಪ್ರವೇಶ ಎಂದು ಒಂದೆರಡು ತಿಂಗಳು ಹೋಗಿ ಬಂದರೆ ತೊಂದರೆಯಿಲ್ಲ. ಒಂದೇ ಪ್ರಯಾಣ 6 ತಿಂಗಳು ದಾಟಿದರೆ ಪ್ರಶ್ನೆ ಏಳುತ್ತದೆ. ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿದ್ದು, ಗ್ರೀನ್ ಕಾರ್ಡ್ ಉಳಿಸಿಕೊಳ್ಳಲೆಂದು ನಾಲ್ಕು ತಿಂಗಳು ಇಲ್ಲಿಗೆ ಬಂದು ಹೋಗುವವರಿಗೆ ಮೆಡಿಕೇರ್ ಮಾತ್ರವಲ್ಲ, ಗ್ರೀನ್ ಕಾರ್ಡಿಗೇ ಅಪಾಯವಿದೆ.

ಅಪ್ಪನ ಹೆಸರಿನಲ್ಲಿ 40 ಕ್ರೆಡಿಟ್ ಇದ್ದರೆ ಈ 5 ವರ್ಷದ ಷರತ್ತು ಕೇಳುವುದಿಲ್ಲ, ಪಾರ್ಟ್ ಎ, ಅಂದರೆ ಆಸ್ಪತ್ರೆಯ ಭಾಗ, ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಅಮ್ಮ ಒಂದು ದಿನವೂ ಹೊರಗೆ ದುಡಿಯದಿದ್ದರೂ, ಅಮ್ಮನಿಗೆ 65 ಆಗಿ ಅಪ್ಪನಿಗೆ ಕನಿಷ್ಠ 62 ಆಗಿದ್ದರೆ ಅಪ್ಪನ ಕ್ರೆಡಿಟ್ ಮೇಲೆ ಅಮ್ಮನಿಗೂ ಅದೇ ಸೌಲಭ್ಯವಿದೆ. ವಿಸಿಟರ್ ವೀಸಾದ ಮೇಲೆ ಬಂದವರಿಗೆ ಮೆಡಿಕೇರ್ ಇಲ್ಲ.

ಖರ್ಚು ಎಷ್ಟು

ಪಾರ್ಟ್ ಎ ಎಂದರೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚು. ಪಾರ್ಟ್ ಬಿ ಎಂದರೆ ಡಾಕ್ಟರ್ ಫೀಸು, ರಕ್ತಪರೀಕ್ಷೆ, ಸ್ಕ್ಯಾನ್, ಹೊರರೋಗಿ ಚಿಕಿತ್ಸೆ. ಪಾರ್ಟ್ ಡಿ ಎಂದರೆ ಮಾತ್ರೆ ಔಷಧಿ, ಇದನ್ನು ಖಾಸಗಿ ಕಂಪನಿಗಳು ನಡೆಸುತ್ತವೆ.

ಕ್ರೆಡಿಟ್ ಇಲ್ಲದವರು 5 ವರ್ಷ ತುಂಬಿದ ಮೇಲೆ ಹಣ ಕೊಟ್ಟು ಕೊಳ್ಳಬಹುದು, ಅವರಿಗೆ ಪಾರ್ಟ್ ಎ ತಿಂಗಳಿಗೆ 565 ಡಾಲರ್. 30ರಿಂದ 39 ಕ್ರೆಡಿಟ್ ಇದ್ದರೆ 311. ಪಾರ್ಟ್ ಬಿ ಹೆಚ್ಚಿನವರಿಗೆ 202.90. ಕ್ರೆಡಿಟ್ ಇಲ್ಲದ ಒಬ್ಬರಿಗೆ ಎರಡೂ ಸೇರಿ ವರ್ಷಕ್ಕೆ 9,214.80 ಡಾಲರ್, ಅಪ್ಪ ಅಮ್ಮ ಇಬ್ಬರಿಗೂ 18,429.60. ಇದರ ಮೇಲೆ ಪಾರ್ಟ್ ಡಿ, ಬೇಕಾದರೆ ಮೆಡಿಗ್ಯಾಪ್, ಅಂದರೆ ಮೆಡಿಕೇರ್ ಕೊಡದೆ ಉಳಿಸಿದ ಪಾಲನ್ನು ತುಂಬುವ ಖಾಸಗಿ ವಿಮೆ. ಈ ಮೊತ್ತ ಮೊದಲೇ ಗೊತ್ತಿದ್ದರೆ ಮನೆಯ ಬಜೆಟ್‌ನಲ್ಲಿ ಜಾಗ ಮಾಡಿಕೊಳ್ಳಬಹುದು.

565 ಡಾಲರ್ ಉಳಿಸೋಣವೆಂದು ಪಾರ್ಟ್ ಬಿ ಒಂದನ್ನೇ ತೆಗೆದುಕೊಳ್ಳುವವರಿದ್ದಾರೆ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ, ಜೊತೆಗೆ ಪಾರ್ಟ್ ಡಿ ಕೂಡ ಸಿಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಮಲಗಿದರೆ ಸರ್ಜನ್ ಬಿಲ್ ಬಿ ಕೊಡುತ್ತದೆ, ಹಾಸಿಗೆ, ಐಸಿಯು, ನರ್ಸಿಂಗ್ ಸೇರಿದ ಆಸ್ಪತ್ರೆಯ ದೊಡ್ಡ ಬಿಲ್ ನಿಮ್ಮ ತಲೆಗೆ. ಬಿ ಜೊತೆ ಮಾರ್ಕೆಟ್‌ಪ್ಲೇಸ್ (ಖಾಸಗಿ ವಿಮೆ ಕೊಳ್ಳುವ ಸರ್ಕಾರಿ ಜಾಲತಾಣ) ಪ್ಲಾನ್ ಕೊಂಡು ಆ ಭಾಗ ತುಂಬಿಸಿಕೊಳ್ಳೋಣ ಎಂದರೆ ಆಗುವುದಿಲ್ಲ. ಮೆಡಿಕೇರ್‌ನ ಒಂದು ಭಾಗ ಇರುವವರಿಗೂ ಗೊತ್ತಿದ್ದು ಅದನ್ನು ಮಾರುವಂತಿಲ್ಲ. ಎ ಇಲ್ಲದೆ ಮೆಡಿಗ್ಯಾಪ್ ಇಲ್ಲ, ಎ, ಬಿ ಎರಡನ್ನೂ ಖಾಸಗಿ ಕಂಪನಿಯ ಮೂಲಕ ಕೊಡುವ ಮೆಡಿಕೇರ್ ಅಡ್ವಾಂಟೇಜ್ ಕೂಡ ಇಲ್ಲ. ಎಪ್ಪತ್ತು ದಾಟಿದ, ಬಿಪಿ ಸಕ್ಕರೆ ಇರುವ ಹಿರಿಯರಿಗೆ ಬಿ ಮಾತ್ರ ಸಾಕು ಎಂಬ ಸಲಹೆಯನ್ನು ಒಪ್ಪಬೇಡಿ.

ಐದು ವರ್ಷ ತುಂಬುವವರೆಗೆ ಏನು ಗತಿ

ಹೆಚ್ಚಿನ ಮನೆಗಳಲ್ಲಿ ಇದೇ ದೊಡ್ಡ ಕಷ್ಟ. ಗ್ರೀನ್ ಕಾರ್ಡ್ ಮೇಲೆ ಬಂದ ಹಿರಿಯರು ವಯಸ್ಸು ಎಷ್ಟೇ ಇದ್ದರೂ ಮಾರ್ಕೆಟ್‌ಪ್ಲೇಸ್‌ನಲ್ಲಿ ವಿಮೆ ಕೊಳ್ಳಬಹುದು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಹೆಲ್ತ್‌ಕೇರ್ ಡಾಟ್ ಗವ್, ಕ್ಯಾಲಿಫೋರ್ನಿಯಾದಲ್ಲಿ ಕವರ್ಡ್ ಕ್ಯಾಲಿಫೋರ್ನಿಯಾ, ಹೀಗೆ ರಾಜ್ಯ ನೋಡಿ ಜಾಲತಾಣ. ಮೊದಲೇ ಇದ್ದ ಕಾಯಿಲೆಯ ನೆಪ ಹೇಳಿ ವಿಮೆ ನಿರಾಕರಿಸುವಂತಿಲ್ಲ, ಅದಕ್ಕೆ ಹೆಚ್ಚು ದರ ಹಾಕುವಂತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ದರ ವಯಸ್ಸಿನ ಪ್ರಕಾರ ಏರುತ್ತದೆ, ಆದರೆ 64ರ ದರವೇ ಕೊನೆ. 78ರ ಅಜ್ಜಿಗೂ ಅದೇ ದರ.

ಗಡುವು ನೆನಪಿರಲಿ: ಅಮೆರಿಕಕ್ಕೆ ಬಂದು ನೆಲೆಸಿದ ದಿನದಿಂದ 60 ದಿನ. ಅದು ತಪ್ಪಿದರೆ ಮುಂದಿನ ವಾರ್ಷಿಕ ನೋಂದಣಿಗೆ ನವೆಂಬರ್‌ವರೆಗೆ ಕಾಯಬೇಕು. ಪ್ಲಾನ್ ಆರಿಸಿದ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ರಕ್ಷಣೆ ಶುರುವಾಗುತ್ತದೆ. ಹಾಗಾಗಿ ವಿಮಾನ ಇಳಿದ ಮೊದಲ ಕೆಲವು ವಾರಗಳಿಗೆ ಬೇರೆ ಅಲ್ಪಾವಧಿ ಪಾಲಿಸಿ ಇಟ್ಟುಕೊಳ್ಳಿ. ಆದರೆ ಆ ಪಾಲಿಸಿಯನ್ನೇ ವರ್ಷಗಟ್ಟಲೆ ಎಳೆಯಬೇಡಿ. ಪ್ರವಾಸಿಗರಿಗೆಂದು ಮಾಡಿದ ವಿಮೆಗಳು ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ ಅಥವಾ ಬಹಳ ಕಡಿಮೆ ಮಿತಿ ಇಡುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಮತ್ತೆ ಎದೆನೋವು ಬಂದಾಗ ಕ್ಲೇಮ್ ತಿರಸ್ಕಾರವಾಗುವುದು ಹೀಗೆ.

ಮಾರ್ಕೆಟ್‌ಪ್ಲೇಸ್ ಪ್ರೀಮಿಯಂಗೆ ಸಿಗುವ ಸರ್ಕಾರಿ ಸಬ್ಸಿಡಿ ವಿಷಯದಲ್ಲಿ ತೆರಿಗೆ ರಿಟರ್ನ್ ಮುಖ್ಯ. ಅಪ್ಪ ಅಮ್ಮನನ್ನು ನಿಮ್ಮ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸಿದರೆ ನಿಮ್ಮ ಇಡೀ ಮನೆಯ ಆದಾಯ ಲೆಕ್ಕಕ್ಕೆ ಬರುತ್ತದೆ, ಇಬ್ಬರೂ ಐಟಿಯಲ್ಲಿ ದುಡಿಯುವ ಮನೆಗೆ ಸಬ್ಸಿಡಿ ಸಿಗುವುದು ಕಷ್ಟ. ಅವರು ತಮ್ಮದೇ ರಿಟರ್ನ್ ಹಾಕಿದರೆ ಅವರ ಆದಾಯ ಮಾತ್ರ. ಅದರಲ್ಲಿ ಊರಿನ ಪಿಂಚಣಿ, ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ತೋರಿಸಬೇಕು, ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಎಲ್ಲ ಆದಾಯವನ್ನೂ ಇಲ್ಲಿ ಘೋಷಿಸಬೇಕಾದವರು. 2026ರಿಂದ ಒಂದು ಹೊಸ ತೊಡಕು ಸೇರಿದೆ. ಹಿಂದೆ ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ, 5 ವರ್ಷ ತುಂಬದ ಕಾರಣ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಸಿಗದ ವಲಸಿಗರಿಗೆ ಸಬ್ಸಿಡಿ ಇತ್ತು. 2025ರ ಕಾನೂನು ಅದನ್ನು ತೆಗೆದುಹಾಕಿತು. 2026ರ ವಿಮೆಗೆ ಇಬ್ಬರ ಮನೆಗೆ ಆ ರೇಖೆ 21,150 ಡಾಲರ್. ನಿಜವಾದ ಆದಾಯ ಅದರ ಆಸುಪಾಸಿನಲ್ಲಿದ್ದರೆ ಊರಿನ ಬಡ್ಡಿ ಬಾಡಿಗೆಯ ಕಾಗದಗಳನ್ನೆಲ್ಲ ಕೂಡಿಸಿ ಸರಿಯಾಗಿ ಲೆಕ್ಕ ಹಾಕಿ. ಬಿಟ್ಟುಹೋದ ನಾಲ್ಕು ಸಾವಿರ ಡಾಲರ್ ಆದಾಯದಿಂದ ಸಬ್ಸಿಡಿಯೇ ಕೈತಪ್ಪಬಹುದು.

ಅರ್ಜಿ ಹಾಕುವ ಏಳು ತಿಂಗಳು

65 ತುಂಬಿದ ಮೇಲೆ 5 ವರ್ಷ ಪೂರೈಸುವವರಿಗೆ, ಆ 5 ವರ್ಷ ತುಂಬುವ ತಿಂಗಳೇ ನಡುವಿನ ತಿಂಗಳು. ಅದಕ್ಕೆ ಮುಂಚಿನ ಮೂರು, ನಂತರದ ಮೂರು ಸೇರಿ 7 ತಿಂಗಳ ಅವಕಾಶ. ಉದಾಹರಣೆಗೆ ಕಾರ್ಡಿನ ಮೇಲೆ 14 ಆಗಸ್ಟ್ 2021 ಎಂದಿದ್ದು, ಆಗಲೇ ಅಮ್ಮನಿಗೆ 68 ಆಗಿತ್ತು ಎನ್ನಿ. 2026ರ ಮೇ 1ರಿಂದ ನವೆಂಬರ್ 30ರವರೆಗೆ ಅವರ ಅವಧಿ. ಕೌಂಟರ್‌ನಲ್ಲಿ ‘ಐದು ವರ್ಷ ತುಂಬಿದ ಮೇಲೆ ಬನ್ನಿ’ ಎಂದರೆ ವಾದಕ್ಕಿಳಿಯದೆ ಸೆಪ್ಟೆಂಬರ್ ಮೊದಲ ವಾರಕ್ಕೇ ಅಪಾಯಿಂಟ್‌ಮೆಂಟ್ ಹಿಡಿದುಕೊಂಡು ಬನ್ನಿ. ನವೆಂಬರ್ ದಾಟಲು ಬಿಡಬೇಡಿ.

ದಾಟಿತೆನ್ನಿ. ಆಗ ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರ ನಡುವೆ ಮಾತ್ರ ಅರ್ಜಿ, ರಕ್ಷಣೆ ಅರ್ಜಿ ಹಾಕಿದ ಮುಂದಿನ ತಿಂಗಳಿಂದ. ಪಾರ್ಟ್ ಬಿಗೆ ಪೂರ್ಣ 12 ತಿಂಗಳು ತಡವಾದದ್ದಕ್ಕೆಲ್ಲ ಶೇ. 10ರಂತೆ ದಂಡ. ಎರಡು ವರ್ಷ ಐದು ತಿಂಗಳು ತಡವಾದರೆ ಎರಡು ವರ್ಷದ ಲೆಕ್ಕ, ಶೇ. 20, ಅಂದರೆ ಇಂದಿನ ದರದಲ್ಲಿ ತಿಂಗಳಿಗೆ 40 ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಹಣ ಕೊಟ್ಟು ಕೊಳ್ಳುವ ಪಾರ್ಟ್ ಎಗೆ ಶೇ. 10 ದಂಡ, ಅದು ತಡವಾದ ವರ್ಷಗಳ ಎರಡು ಪಟ್ಟು ಕಾಲ ಇರುತ್ತದೆ. ಪಾರ್ಟ್ ಡಿಗೆ ತಡವಾದ ಪ್ರತಿ ತಿಂಗಳಿಗೂ 38.99 ಡಾಲರ್‌ನ ಶೇ. 1. ಸಮಾಧಾನದ ಸಂಗತಿಯೆಂದರೆ, 5 ವರ್ಷ ತುಂಬುವ ಮೊದಲಿನ ಕಾಲಕ್ಕೆ ದಂಡವಿಲ್ಲ. 72ನೇ ವಯಸ್ಸಿನಲ್ಲಿ ಅರ್ಹರಾದವರಿಗೆ 65ರಿಂದ ದಂಡ ಎಣಿಸುವುದಿಲ್ಲ. ಯಾರಾದರೂ ಹಾಗೆ ಎಣಿಸಿದ ಪತ್ರ ಕಳಿಸಿದರೆ ಮೇಲ್ಮನವಿ ಹಾಕಿ.

ಮಗಳ ಕಂಪನಿ ವಿಮೆಯಲ್ಲಿ ಅಪ್ಪನ ಹೆಸರು ಸೇರಿಸಲು ಅವಕಾಶವಿರುವ ಅಪರೂಪದ ಮನೆಗಳಲ್ಲೂ ಎಚ್ಚರ ಬೇಕು. ಅದನ್ನು ನಂಬಿ ಪಾರ್ಟ್ ಬಿ ಮುಂದೂಡಿದರೆ ದಂಡ ತಪ್ಪುವುದಿಲ್ಲ. ಮುಂದೂಡುವ ಹಕ್ಕು ಇರುವುದು ತಮ್ಮ ಅಥವಾ ಗಂಡ ಹೆಂಡತಿಯ ಈಗಿನ ಉದ್ಯೋಗದ ವಿಮೆಗೆ ಮಾತ್ರ.

ಕಾಗದ ಪತ್ರ, ಮತ್ತು ಹೆಸರಿನ ಗೋಳು

ಅರ್ಜಿ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ. ದುಡಿಮೆಯ ದಾಖಲೆ ಇಲ್ಲದವರು ಆನ್‌ಲೈನ್‌ನಲ್ಲಿ ಗುದ್ದಾಡುವುದಕ್ಕಿಂತ 1-800-772-1213ಕ್ಕೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ನೇರವಾಗಿ ಹೋಗುವುದು ಒಳ್ಳೆಯದು. ದುಭಾಷಿ ಸೇವೆ ಉಚಿತ. ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ. ಗ್ರೀನ್ ಕಾರ್ಡ್, ಈಗಿನದ್ದೂ ಹಳೆಯದೂ ಸೇರಿ ಎಲ್ಲ ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಮದುವೆ ಪ್ರಮಾಣಪತ್ರ, ಹುಟ್ಟಿದ ತಾರೀಕಿನ ದಾಖಲೆ ಇಷ್ಟೂ ಬೇಕು. ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಹಿರಿಯರಿಗೆ ಜನನ ಪ್ರಮಾಣಪತ್ರವೇ ಇರುವುದಿಲ್ಲ. ಇದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತನ್ನಿ, ಪಾಸ್‌ಪೋರ್ಟ್ ಜೊತೆ ಅದನ್ನೂ ತೋರಿಸಿ. ಐದು ವರ್ಷದ ಪ್ರಯಾಣಗಳನ್ನು, ಹೋದ ತಾರೀಕು ಬಂದ ತಾರೀಕು ಸಮೇತ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗ್ರೀನ್ ಕಾರ್ಡ್ ಇರುವವರಿಗೆ ಈಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಎಷ್ಟೋ ಸಲ ಮುದ್ರೆ ಒತ್ತುವುದಿಲ್ಲ, ಹಾಗಾಗಿ ಟಿಕೆಟ್ ಇಮೇಲ್‌ಗಳನ್ನು ಅಳಿಸಬೇಡಿ.

ನಮ್ಮ ಕಡೆಯ ಹೆಸರುಗಳದ್ದೇ ಒಂದು ಪಾಡು. ಊರು, ತಂದೆಯ ಹೆಸರು ಇನಿಶಿಯಲ್‌ನಲ್ಲಿ ಅಡಗಿರುತ್ತವೆ, ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಹಾಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಅದು ಗ್ರೀನ್ ಕಾರ್ಡಿಗೂ ಅಲ್ಲಿಂದ ಮುಂದಿನ ದಾಖಲೆಗಳಿಗೂ ಹರಿಯುತ್ತದೆ. ಒಂದು ಕಡೆ ‘ಎಫ್‌ಎನ್‌ಯು ಲಕ್ಷ್ಮಮ್ಮ’, ಇನ್ನೊಂದು ಕಡೆ ‘ಲಕ್ಷ್ಮಮ್ಮ ರಾಮೇಗೌಡ’ ಎಂದಿದ್ದರೆ ಕಂಪ್ಯೂಟರ್ ಇಬ್ಬರೆಂದು ತಿಳಿಯುತ್ತದೆ, ಅರ್ಜಿ ವಾರಗಟ್ಟಲೆ ನಿಲ್ಲುತ್ತದೆ. ಸಾಧ್ಯವಾದರೆ ಭಾರತ ಬಿಡುವ ಮುಂಚೆಯೇ ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗವಾಗಿ ಬರೆಸಿ. ಆಗಲೇ ಬಂದಾಗಿದ್ದರೆ ಗ್ರೀನ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಅರ್ಜಿಯಲ್ಲೂ ಬರೆಯಿರಿ.

ಕಾರ್ಡ್ ಬಂದ ಮೇಲೆ

ಪಾರ್ಟ್ ಎ, ಬಿ ಎರಡೂ ಇದ್ದರೂ ಕೈಯಿಂದ ಹಣ ಹೋಗುತ್ತದೆ. ಆಸ್ಪತ್ರೆಗೆ ದಾಖಲಾದರೆ ಮೊದಲ 1,736 ಡಾಲರ್ ನಿಮ್ಮದು. ಬಿಯಲ್ಲಿ ವರ್ಷದ ಮೊದಲ 283 ಡಾಲರ್ ನಿಮ್ಮದು, ಆಮೇಲೆ ಪ್ರತಿ ಬಿಲ್ಲಿನ ಶೇ. 20 ನಿಮ್ಮದು, ಇದಕ್ಕೆ ಮೇಲ್ಮಿತಿ ಇಲ್ಲ. ಈ ಶೇ. 20ನ್ನು ಹೊರುವುದಕ್ಕೇ ಮೆಡಿಗ್ಯಾಪ್ ಇರುವುದು. 65 ದಾಟಿ ಪಾರ್ಟ್ ಬಿ ಶುರುವಾದ ತಿಂಗಳಿಂದ 6 ತಿಂಗಳು ಯಾವ ಕಂಪನಿಯೂ ಕಾಯಿಲೆ ಕೇಳದೆ ಮೆಡಿಗ್ಯಾಪ್ ಕೊಡಲೇಬೇಕು. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯದ ಪ್ರಶ್ನೆ ಕೇಳಿ ನಿರಾಕರಿಸಬಹುದು. ಮೆಡಿಕೇರ್ ಅಡ್ವಾಂಟೇಜ್ ಅಗ್ಗವಾಗಿ ಕಾಣುತ್ತದೆ, ಕೆಲವದರಲ್ಲಿ ಹಲ್ಲು ಕನ್ನಡಕವೂ ಸೇರಿರುತ್ತದೆ. ಆದರೆ ಡಾಕ್ಟರ್‌ಗಳ ಜಾಲ ಸೀಮಿತ, ಮತ್ತು 6 ತಿಂಗಳಿಗಿಂತ ಹೆಚ್ಚು ಆ ಪ್ರದೇಶದಿಂದ ಹೊರಗಿದ್ದರೆ ಸಾಮಾನ್ಯವಾಗಿ ಹೆಸರು ತೆಗೆಯುತ್ತಾರೆ. ಊರಿಗೂ ಇಲ್ಲಿಗೂ ಓಡಾಡುವ ಹಿರಿಯರಿಗೆ ಮೂಲ ಮೆಡಿಕೇರ್ (ಸರ್ಕಾರವೇ ನಡೆಸುವ ಎ ಮತ್ತು ಬಿ) ಮತ್ತು ಮೆಡಿಗ್ಯಾಪ್‌ನ ಜಿ ಅಥವಾ ಎನ್ ಪ್ಲಾನ್ ಹೆಚ್ಚು ಹೊಂದುತ್ತದೆ.

ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಮೆಡಿಗ್ಯಾಪ್ ಜಿ, ಎನ್ ಇದ್ದರೆ ಪ್ರಯಾಣದ ಮೊದಲ 60 ದಿನದಲ್ಲಿ ಶುರುವಾದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಉಳಿದದ್ದರಲ್ಲಿ ಶೇ. 80 ಸಿಗುತ್ತದೆ, ಜೀವಮಾನದ ಮಿತಿ 50,000 ಡಾಲರ್. ಮೊದಲೇ ಗೊತ್ತುಮಾಡಿಕೊಂಡು ಹೋಗಿ ಮಾಡಿಸುವ ಮಂಡಿ ಆಪರೇಷನ್ನಿಗೆ ಇದು ಬರುವುದಿಲ್ಲ. ಊರಿನಲ್ಲಿ ಹಳೆಯ ಆರೋಗ್ಯ ವಿಮೆ ಇದ್ದರೆ ಅದನ್ನು ನಿಲ್ಲಿಸುವ ಮುಂಚೆ ಎರಡು ಸಲ ಯೋಚಿಸಿ, ಎಪ್ಪತ್ತರ ಮೇಲೆ ಹೊಸದಾಗಿ ಮಾಡಿಸುವುದು ದುಬಾರಿ.

ಬಡ್ಡಿಯಿಲ್ಲ, ಬಾಡಿಗೆಯಿಲ್ಲ, ಆದಾಯವೇ ಇಲ್ಲ ಎನ್ನುವ ತಂದೆ ತಾಯಿಗೆ ಇನ್ನೊಂದು ದಾರಿಯಿದೆ. ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂಗಳಲ್ಲಿ ಕ್ಯೂಎಂಬಿ ಎಂಬುದು ಪಾರ್ಟ್ ಎ, ಬಿ ಎರಡರ ಪ್ರೀಮಿಯಂ ಅನ್ನೂ ಕಟ್ಟುತ್ತದೆ. ಇದು ರಾಜ್ಯದ ಮೆಡಿಕೇಡ್ ಕಚೇರಿಯ ಕೆಲಸ. ತೊಡಕು ಎಲ್ಲಿ ಎಂದರೆ, ಸ್ಪಾನ್ಸರ್ ಆಗಿ ಐ-864 ಹೊಣೆಪತ್ರಕ್ಕೆ ಸಹಿ ಹಾಕಿದ ಮಗನ ಆದಾಯವನ್ನು ಅಪ್ಪನದೆಂದೇ ಎಣಿಸುವ ನಿಯಮವಿದೆ. ಅಪ್ಪ ಅಮೆರಿಕದ ಪೌರರಾದ ದಿನ ಆ ಹೊಣೆ ಮುಗಿಯುತ್ತದೆ. ಪೌರತ್ವದ ಅರ್ಜಿಯನ್ನು 5 ವರ್ಷ ತುಂಬಲು 90 ದಿನ ಇರುವಾಗಲೇ ಹಾಕಬಹುದು. ಇಂಗ್ಲಿಷ್ ಮತ್ತು ಸಿವಿಕ್ಸ್ ಪರೀಕ್ಷೆ ಇರುತ್ತದೆ, ಮರೆವಿನಂಥ ಕಾಯಿಲೆ ಇದ್ದವರಿಗೆ ವೈದ್ಯರು ಎನ್-648 ಬರೆದುಕೊಟ್ಟರೆ ವಿನಾಯಿತಿ ಕೇಳಬಹುದು. ಭಾರತದ ಪೌರತ್ವ ಬಿಡಬೇಕಾಗುತ್ತದೆ, ಅದು ಮನೆಯವರೆಲ್ಲ ಕೂತು, ಮುಖ್ಯವಾಗಿ ಆ ಹಿರಿಯರನ್ನೇ ಕೇಳಿ ತೀರ್ಮಾನಿಸುವ ಮಾತು. ಊರಿನ ಸೈಟು, ಎಫ್‌ಡಿ ಮುಚ್ಚಿಟ್ಟು ಅರ್ಜಿ ಹಾಕುವುದು ಮಾತ್ರ ಕೂಡದು, ಅದು ಅಪರಾಧ. ಸ್ವಂತ ಹಣದಲ್ಲಿ ಪ್ರೀಮಿಯಂ ಕಟ್ಟಿ ಪಡೆಯುವ ಮೆಡಿಕೇರ್‌ನಿಂದ ಸ್ಪಾನ್ಸರ್ ಮೇಲೆ ಯಾವ ಹೊರೆಯೂ ಬೀಳುವುದಿಲ್ಲ, ಆ ಭಯ ಬೇಡ.

ತೊಂಬತ್ತರ ದಶಕದಲ್ಲಿ ಎಚ್-1ಬಿ ಮೇಲೆ ಬಂದು ಈಗ ತಾವೇ 65ರ ಹತ್ತಿರ ಇರುವವರಿಗೆ ಎರಡು ಮಾತು. 20 ಅಥವಾ ಹೆಚ್ಚು ಜನರಿರುವ ಕಂಪನಿಯಲ್ಲಿ ಇನ್ನೂ ಕೆಲಸದಲ್ಲಿದ್ದರೆ ಪಾರ್ಟ್ ಬಿ ಮುಂದೂಡಬಹುದು. ಕೆಲಸ ಹೋದ ಮೇಲೆ 8 ತಿಂಗಳೊಳಗೆ ಸಿಎಂಎಸ್-40ಬಿ ಅರ್ಜಿ ಮತ್ತು ಕಂಪನಿ ಸಹಿ ಮಾಡಿದ ಸಿಎಂಎಸ್-ಎಲ್564 ನಮೂನೆ ಸಲ್ಲಿಸಬೇಕು. ಲೇಆಫ್ ಆದವರು ಕೋಬ್ರಾ (ಕೆಲಸ ಹೋದ ಮೇಲೂ ಸ್ವಂತ ಹಣದಲ್ಲಿ ಮುಂದುವರಿಸುವ ಕಂಪನಿ ವಿಮೆ) 18 ತಿಂಗಳು ಇದೆಯಲ್ಲ ಎಂದು ಕೂತುಬಿಡುತ್ತಾರೆ. ಕೋಬ್ರಾ ಉದ್ಯೋಗದ ವಿಮೆ ಎಂದು ಲೆಕ್ಕವಾಗುವುದಿಲ್ಲ, 8 ತಿಂಗಳು ಕಳೆದುಹೋಗಿರುತ್ತದೆ. ಎಚ್‌ಎಸ್‌ಎ ಖಾತೆಗೆ (ಚಿಕಿತ್ಸಾ ಖರ್ಚಿಗೆಂದು ತೆರಿಗೆ ರಿಯಾಯಿತಿ ಇರುವ ಉಳಿತಾಯ ಖಾತೆ) ಹಣ ಹಾಕುತ್ತಿದ್ದರೆ ಮೆಡಿಕೇರ್ ಶುರುವಾಗುವುದಕ್ಕೆ 6 ತಿಂಗಳ ಮುಂಚೆಯೇ ನಿಲ್ಲಿಸಿ, ಪಾರ್ಟ್ ಎ ಅಷ್ಟು ಹಿಂದಿನಿಂದ ಅನ್ವಯವಾಗಬಹುದು.

ಬಿಲ್ ಕಟ್ಟುವುದು ಕೊನೆಯ ಕೆಲಸ, ಹೆಚ್ಚು ಜನ ಎಡವುವುದೂ ಅಲ್ಲೇ. ಪಿಂಚಣಿ ಇಲ್ಲದವರಿಗೆ ಪ್ರೀಮಿಯಂ ತಾನಾಗಿ ಕಡಿತವಾಗುವುದಿಲ್ಲ, ಅಂಚೆಯಲ್ಲಿ ಬಿಲ್ ಬರುತ್ತದೆ. ಪಾರ್ಟ್ ಬಿ ಮಾತ್ರ ಇದ್ದರೆ ಮೂರು ತಿಂಗಳಿಗೊಮ್ಮೆ, ಎ ಕೂಡ ಕೊಂಡಿದ್ದರೆ ಪ್ರತಿ ತಿಂಗಳು. ಅಪ್ಪ ಅಮ್ಮ ಊರಿಗೆ ಹೋದಾಗ ಬಿಲ್ ಜಾಹೀರಾತುಗಳ ರಾಶಿಯಲ್ಲಿ ಸೇರಿಹೋಗುತ್ತದೆ, ಎರಡನೇ ನೋಟಿಸ್, ಕೊನೆಯ ನೋಟಿಸ್ ಕೂಡ ಅಲ್ಲೇ. ವಿಮೆ ರದ್ದಾದದ್ದು ಗೊತ್ತಾಗುವುದು ಆಸ್ಪತ್ರೆಯ ಕೌಂಟರ್‌ನಲ್ಲಿ. ಕಾರ್ಡ್ ಬಂದ ವಾರವೇ ಮೆಡಿಕೇರ್ ಈಸಿ ಪೇಗೆ ಬ್ಯಾಂಕ್ ಖಾತೆ ಜೋಡಿಸಿ, ಅದು ಚಾಲ್ತಿಗೆ ಬರುವವರೆಗಿನ ಬಿಲ್ಲುಗಳನ್ನು ಕೈಯಾರೆ ಕಟ್ಟಿ. ಪ್ಲಾನ್ ಆಯ್ಕೆಯಲ್ಲಿ ಅನುಮಾನವಿದ್ದರೆ ಏಜೆಂಟರಿಗಿಂತ ಮೊದಲು ‘ಶಿಪ್’ ಸಲಹೆಗಾರರನ್ನು ಕೇಳಿ. ಪ್ರತಿ ರಾಜ್ಯದಲ್ಲೂ ಇದ್ದಾರೆ, ಹಣ ಕೇಳುವುದಿಲ್ಲ, ಏನನ್ನೂ ಮಾರುವುದಿಲ್ಲ, 877-839-2675ಕ್ಕೆ ಕರೆ ಮಾಡಿದರೆ ನಿಮ್ಮ ಊರಿನವರ ಸಂಪರ್ಕ ಕೊಡುತ್ತಾರೆ.